ಗುಣ ಅಂದರೆ ಅಂಕ: ಅಕ್ಕಲಕೋಟ–ಜತ್ತ ಭಾಗದ ಕನ್ನಡ ಪಾಲಕರು ಮತ್ತು ಶಾಲಾ ಸಾಫ್ಟ್‌ಬಾಲ್

(ಗಡಿನಾಡ ಕನ್ನಡಿಗರ ಕುರಿತ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಾಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಲಾಗಿದೆ.)

ನನ್ನ ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಳ್ತೇನೆ. ನೆಟ್‌ವರ್ಕ್ ಹೋದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ನನಗಿಂತ ಮೊದಲು ಮಾತಾಡಿದವರು ಗಡಿಭಾಗದ ಕನ್ನಡ ಶಾಲೆಗಳ ಪಠ್ಯಪುಸ್ತಕ, ಶಿಕ್ಷಕರ ಕೊರತೆ, ಮಕ್ಕಳ ಸಂಖ್ಯೆ ಇವುಗಳ ಬಗ್ಗೆ ಹೇಳಿದರು. ನಾನು ಅದೇ ಶಾಲೆಗಳ ಮೈದಾನದ ಬಗ್ಗೆ ಹೇಳ್ತೇನೆ. ಅಲ್ಲಿ ಆಡುವ ಒಂದು ಆಟ ಸಾಫ್ಟ್‌ಬಾಲ್. ಆ ಆಟದಲ್ಲಿ ಮಗಳನ್ನೋ ಮಗನನ್ನೋ ಮುಂದೆ ಕಳಿಸಬೇಕು ಅನ್ನುವ ಕನ್ನಡ ಪಾಲಕರು ಏನನ್ನು ತಿಳಿದಿರಬೇಕು, ಯಾವ ತಿಳಿವಳಿಕೆ ಅವರಿಗೆ ಸಿಗ್ತಾ ಇಲ್ಲ ಅನ್ನೋದು ನನ್ನ ವಿಷಯ. ನಾನು ಅಕ್ಕಲಕೋಟ ತಾಲೂಕಿನವಳು. ನನ್ನ ತಂಗಿ ಸಾಫ್ಟ್‌ಬಾಲ್ ಆಡ್ತಾಳೆ. ಹಾಗಾಗಿ ಈ ಮಾತಿನಲ್ಲಿ ಅರ್ಧ ಅಧ್ಯಯನ, ಇನ್ನರ್ಧ ನಮ್ಮ ಮನೆಯ ಕಥೆ.

ಒಂದು ಪದದಿಂದ ಶುರು ಮಾಡೋಣ

ತಂಗಿ ಏಳನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ಒಂದು ಮರಾಠಿ ಸೂಚನಾ ಪತ್ರ ಬಂತು. ಅದರಲ್ಲಿ ‘ಕ್ರೀಡಾ ಗುಣ’ ಅಂತ ಇತ್ತು. ಅಪ್ಪ ಅಕ್ಷರ ಕೂಡಿಸಿ ಓದಿ ಅವ್ವನಿಗೆ ಹೇಳಿದರು: “ಆಟ ಆಡಿದ್ರ ಹುಡುಗ್ರ ಗುಣ ಚಲೋ ಆಗ್ತಾವಂತ ಬರ್ದಾರ ನೋಡು.” ಅವ್ವ ಹೇಳಿದಳು: “ಅದಕ್ಕ ಪತ್ರ ಯಾಕ ಬೇಕ್ರಿ, ನಮಗ ಗೊತ್ತಿಲ್ಲೇನು?”

ಮರಾಠಿಯಲ್ಲಿ ಗುಣ ಅಂದರೆ ಅಂಕ, ಮಾರ್ಕ್ಸು. ಮಹಾರಾಷ್ಟ್ರದಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಕ್ರೀಡಾಪಟುಗಳಿಗೆ ರಿಯಾಯಿತಿ ಅಂಕ ಕೊಡುವ ಪದ್ಧತಿ ಇದೆ. ಯಾವ ಮಟ್ಟದವರೆಗೆ ಆಡಿದ್ದಾರೆ ಅನ್ನುವುದರ ಮೇಲೆ ಅಂಕ ಹೆಚ್ಚುಕಡಿಮೆ ಆಗ್ತದೆ. ಪತ್ರ ಹೇಳಿದ್ದು ಅದನ್ನ. ನಮ್ಮ ಮನೆಯಲ್ಲಿ ಅರ್ಥವಾಗಿದ್ದು ಇನ್ನೊಂದು. ಎರಡೂ ಭಾಷೆಗಳಲ್ಲಿ ಅದೇ ಸಂಸ್ಕೃತ ಪದ ಇದ್ದದ್ದರಿಂದ ನಮಗೆ ಅರ್ಥವಾಗಿಲ್ಲ ಅನ್ನೋದೇ ನಮಗೆ ಗೊತ್ತಾಗಲಿಲ್ಲ. ಗೊತ್ತಿಲ್ಲದ ಪದ ಇದ್ದಿದ್ದರೆ ಅಪ್ಪ ಯಾರನ್ನಾದರೂ ಕೇಳ್ತಿದ್ದರು.

ಇಂಥ ಪದಗಳು ಇನ್ನೂ ಇವೆ. ‘ನಿವಡ ಚಾಚಣಿ’ ಅಂದರೆ ಆಯ್ಕೆ ಪರೀಕ್ಷೆ, ಸೆಲೆಕ್ಷನ್ ಟ್ರಯಲ್. ‘ಸರಾವ’ ಅಂದರೆ ಅಭ್ಯಾಸ. ‘ವಯೋಗಟ’ ಅಂದರೆ ವಯಸ್ಸಿನ ಗುಂಪು. ‘ರಾಖೀವ ಖೇಳಾಡು’ ಅಂದರೆ ಕಾಯ್ದಿರಿಸಿದ ಆಟಗಾರ. ಈ ನಾಲ್ಕು ಪದ ಗೊತ್ತಿಲ್ಲದ ಪಾಲಕರಿಗೆ ಮಗಳು ತಂಡದಲ್ಲಿ ಇದ್ದಾಳೋ, ಬೆಂಚಿನ ಮೇಲೆ ಇದ್ದಾಳೋ, ಟ್ರಯಲ್ ಯಾವತ್ತು ಅನ್ನೋದು ತಿಳಿಯುವುದಿಲ್ಲ.

ಆಟ ಎಲ್ಲಿಯದು, ಇಲ್ಲಿಗೆ ಬಂದಾಗ ಏನಾಯಿತು

ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲಿಕ್ಕೆ ಬೇಸ್‌ಬಾಲನ್ನು ಚಿಕ್ಕದು ಮಾಡಿದರು. ಮೊದಲ ಸಲ ಚೆಂಡಾಗಿದ್ದು ಕಟ್ಟಿ ಉಂಡೆ ಮಾಡಿದ ಬಾಕ್ಸಿಂಗ್ ಗ್ಲೌಸು, ಬ್ಯಾಟಾಗಿದ್ದು ಕೋಲು. ಈಗಿನ ಆಟದಲ್ಲಿ ತಂಡಕ್ಕೆ ಒಂಬತ್ತು ಜನ, ಏಳು ಇನ್ನಿಂಗ್ಸ್, ಬೇಸಿನಿಂದ ಬೇಸಿಗೆ 60 ಅಡಿ, ಚೆಂಡಿನ ಸುತ್ತಳತೆ 12 ಇಂಚು. ಪಿಚರ್ ಚೆಂಡನ್ನು ಸೊಂಟದ ಕೆಳಗಿನಿಂದ, ಕೈಯನ್ನು ಗಾಳಿಯಂತ್ರದ ಹಾಗೆ ಪೂರ್ತಿ ಒಂದು ಸುತ್ತು ತಿರುಗಿಸಿ ಎಸೆಯುತ್ತಾಳೆ. ಹೆಸರಿನಲ್ಲಿ ‘ಸಾಫ್ಟ್’ ಇದ್ದರೂ ಚೆಂಡು ಮೆತ್ತಗಿಲ್ಲ. ಇದನ್ನು ನೋಡದ ಪಾಲಕರಿಗೆ ಮೊದಲೇ ಹೇಳಬೇಕಾದ ಮಾತು ಇದು. ಹೆಲ್ಮೆಟ್ ಇಲ್ಲದೆ ಬ್ಯಾಟಿಂಗ್ ಮಾಡಬಾರದು. ಮುಖದ ಮಾಸ್ಕ್ ಮತ್ತು ಎದೆಕವಚ ಇಲ್ಲದೆ ಕ್ಯಾಚರ್ ಕೂರಬಾರದು.

ಮಹಿಳೆಯರ ಸಾಫ್ಟ್‌ಬಾಲ್ 1996ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು, ಟೋಕಿಯೋದಲ್ಲಿ ಮತ್ತೆ ಬಂತು, 2028ರ ಲಾಸ್ ಏಂಜಲಿಸ್ ಪಟ್ಟಿಯಲ್ಲೂ ಇದೆ. ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಈ ಆಟ ದೊಡ್ಡದಾಗಲು ಒಂದು ಕಾರಣ 1972ರ ‘ಟೈಟಲ್ ನೈನ್’ ಕಾನೂನು. ಸರ್ಕಾರಿ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಕೂಡದು ಅಂತ ಅದು ಹೇಳಿತು. ಅದರಿಂದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ತಂಡಗಳೂ ಸ್ಕಾಲರ್‌ಶಿಪ್‌ಗಳೂ ಹೆಚ್ಚಿದವು. ಆ ಸ್ಕಾಲರ್‌ಶಿಪ್ಪಿನ ಆಸೆಗೆ ಅಲ್ಲಿನ ಪಾಲಕರು ಹತ್ತು ವರ್ಷದ ಮಗುವನ್ನೇ ‘ಟ್ರಾವೆಲ್ ಬಾಲ್’ ಅನ್ನುವ ಖಾಸಗಿ ಕ್ಲಬ್ಬಿಗೆ ಸೇರಿಸಿ, ವಾರದ ಕೊನೆಗೆ ಊರೂರು ತಿರುಗಿ ಆಡಿಸುತ್ತಾರೆ. ಯಾವ ತಂಡ ಸೇರಬೇಕು, ಯಾವ ಕೋಚ್ ಒಳ್ಳೆಯವರು, ಮಗಳನ್ನು ಬೆಂಚಿನಲ್ಲಿ ಕೂರಿಸಿದರೆ ಏನು ಮಾಡಬೇಕು ಅನ್ನೋದು ಅಲ್ಲಿನ ಪಾಲಕರ ದಿನನಿತ್ಯದ ಚಿಂತೆ.

ನಮ್ಮ ಪಾಲಕರ ಚಿಂತೆಯ ಮೂಲವೂ ಅದೇ: ಆಟದಿಂದ ಮಗುವಿಗೆ ಮುಂದಿನ ದಾರಿ ಸಿಗಬಹುದು. ಅಲ್ಲಿ ಆ ದಾರಿಯ ಹೆಸರು ಸ್ಕಾಲರ್‌ಶಿಪ್, ಇಲ್ಲಿ ಸರ್ಟಿಫಿಕೇಟು. ಅಲ್ಲಿಯವರು ಕ್ಲಬ್ ಫೀ ಕಟ್ಟುತ್ತಾರೆ. ಇಲ್ಲಿಯವರು ದಿನದ ಕೂಲಿ ಬಿಟ್ಟು ಎಸ್‌ಟಿ ಬಸ್ ಹತ್ತುತ್ತಾರೆ.

ಸರ್ಟಿಫಿಕೇಟಿನ ಮೆಟ್ಟಿಲುಗಳು

ಈಗ ವ್ಯವಸ್ಥೆ ಹೇಗಿದೆ ನೋಡೋಣ. ಮಹಾರಾಷ್ಟ್ರದ ಶಾಲಾ ಕ್ರೀಡೆಯಲ್ಲಿ ಮೂರು ವಯಸ್ಸಿನ ಗುಂಪುಗಳಿವೆ: 14, 17 ಮತ್ತು 19ರ ಒಳಗಿನವರು. ಮೆಟ್ಟಿಲುಗಳು ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ. ಆಮೇಲೆ ಸ್ಕೂಲ್ ಗೇಮ್ಸ್ ಫೆಡರೇಷನ್ ನಡೆಸುವ ರಾಷ್ಟ್ರಮಟ್ಟ. ಎಲ್ಲ ಆಟಕ್ಕೂ ಎಲ್ಲ ಮೆಟ್ಟಿಲು ಇರುವುದಿಲ್ಲ. ಕಡಿಮೆ ತಂಡಗಳಿರುವ ಆಟ ನೇರ ಜಿಲ್ಲೆಯಿಂದಲೇ ಶುರುವಾಗಬಹುದು.

ಕನ್ನಡ ಪ್ರದೇಶ ಈ ನಕ್ಷೆಯಲ್ಲಿ ಹೇಗೆ ಹಂಚಿಹೋಗಿದೆ ಅನ್ನೋದನ್ನ ಗಮನಿಸಿ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಇವು ಸೊಲ್ಲಾಪುರ ಜಿಲ್ಲೆ, ಪುಣೆ ವಿಭಾಗ. ಜತ್ತ ಸಾಂಗ್ಲಿ ಜಿಲ್ಲೆ, ಕೊಲ್ಹಾಪುರ ವಿಭಾಗ. ಮಹಾನಗರಪಾಲಿಕೆಗಳನ್ನು ಕ್ರೀಡೆಗೆ ಬೇರೆ ಜಿಲ್ಲೆ ಅಂತಲೇ ಲೆಕ್ಕ ಹಿಡಿಯುವುದರಿಂದ ಸೊಲ್ಲಾಪುರ ಪಟ್ಟಣದ ಕನ್ನಡ ಶಾಲೆಯ ಹುಡುಗಿ ಮತ್ತು ಅಕ್ಕಲಕೋಟದ ಹುಡುಗಿ ಜಿಲ್ಲಾ ಮಟ್ಟದಲ್ಲಿ ಎದುರಾಗುವುದೇ ಇಲ್ಲ. ಜತ್ತದ ಹುಡುಗಿಯನ್ನು ಇವರಿಬ್ಬರೂ ನೋಡುವುದು ರಾಜ್ಯಮಟ್ಟಕ್ಕೆ ಹೋದರೆ ಮಾತ್ರ. ಇಂಡಿ, ಚಡಚಣದಲ್ಲಿರುವ ಅವರ ಸೋದರಮಾವನ ಮಕ್ಕಳು ಕರ್ನಾಟಕದ ಬೇರೆಯೇ ವ್ಯವಸ್ಥೆಯಲ್ಲಿ ಆಡ್ತಾರೆ. ಮದುವೆ, ಜಾತ್ರೆಗೆ ಒಂದಾಗಿರುವ ಊರುಗಳು ಆಟದಲ್ಲಿ ನಾಲ್ಕು ಕಡೆ. ಒಬ್ಬ ಪಾಲಕರ ಅನುಭವ ಇನ್ನೊಬ್ಬರಿಗೆ ತಲುಪದೇ ಇರಲಿಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸ್ತದೆ.

ಸರ್ಟಿಫಿಕೇಟಿಗೆ ಯಾಕೆ ಇಷ್ಟು ಬೆಲೆ? ಬೋರ್ಡ್ ಪರೀಕ್ಷೆಯ ಅಂಕ ಒಂದು. ಇನ್ನೊಂದು, ಮಹಾರಾಷ್ಟ್ರ ಸರ್ಕಾರಿ ನೌಕರಿಯಲ್ಲಿ ಕ್ರೀಡಾಪಟುಗಳಿಗೆ ಶೇ. 5 ಮೀಸಲಾತಿ ಇದೆ. ದೊಡ್ಡ ಹುದ್ದೆಗೆ ದೊಡ್ಡ ಮಟ್ಟದ ಸಾಧನೆ ಬೇಕು. ಪೊಲೀಸ್ ಭರ್ತಿಗೆ ತಯಾರಿ ಮಾಡುವ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಒಣಬೇಸಾಯದ ನಮ್ಮ ಕಡೆ ಒಂದು ಸರ್ಕಾರಿ ನೌಕರಿ ಅಂದರೆ ಇಡೀ ಮನೆತನದ ಭವಿಷ್ಯ. ಕಬಡ್ಡಿ, ಖೋಖೋದಲ್ಲಿ ಪೈಪೋಟಿ ಜಾಸ್ತಿ. ಸಾಫ್ಟ್‌ಬಾಲ್ ತಂಡಗಳು ಕಡಿಮೆ, ಬೇಗ ಮೇಲಕ್ಕೆ ಹೋಗಬಹುದು ಅನ್ನುವ ಲೆಕ್ಕಾಚಾರದಿಂದಲೇ ಎಷ್ಟೋ ಜನ ಈ ಆಟಕ್ಕೆ ಬರ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮೆಟ್ಟಿಲು ಎಣಿಸುವ ಅವಸರದಲ್ಲಿ ಪಾಲಕರು ಎಡವುವ ಜಾಗ ಮೂರಿವೆ.

ಎಡವುವ ಜಾಗ ಒಂದು: ಹೆಸರಿಗೆ ಮಾತ್ರ ‘ನ್ಯಾಷನಲ್’

ಇದು ನಮ್ಮ ಮನೆಯಲ್ಲೇ ಆಗಿದ್ದು. ತಂಗಿ ಎಂಟನೆಯ ತರಗತಿಯಲ್ಲಿದ್ದಾಗ ಒಬ್ಬರು ಬಂದು, “ನ್ಯಾಷನಲ್ ಟೂರ್ನಮೆಂಟ್ ಐತ್ರಿ, ನಿಮ್ಮ ಹುಡುಗಿ ಸೆಲೆಕ್ಟ್ ಆಗ್ಯಾಳ, ಆರು ಸಾವಿರ ಕಟ್ರಿ” ಅಂದರು. ಅಪ್ಪ ತೊಗರಿ ಮಾರಿದ ದುಡ್ಡಿನಲ್ಲಿ ಕಟ್ಟಿದರು. ತಂಗಿ ಎರಡು ದಿನ ಆಡಿ, ಬಣ್ಣಬಣ್ಣದ ಸರ್ಟಿಫಿಕೇಟು, ಪದಕ ತಗೊಂಡು ಬಂದಳು. ಅಪ್ಪ ಅದಕ್ಕೆ ಚೌಕಟ್ಟು ಹಾಕಿಸಿದರು. ಅಂಕದ ಪ್ರಸ್ತಾವ ಕಳಿಸುವ ಹೊತ್ತಿಗೆ ಶಾಲೆಯ ಗುಮಾಸ್ತರು ನೋಡಿ, “ಇದು ನಡೆಯಂಗಿಲ್ರಿ, ಈ ಸಂಸ್ಥೆಗೆ ಮಾನ್ಯತೆ ಇಲ್ಲ” ಅಂದರು. ಅಪ್ಪ ಅವತ್ತು ಏನೂ ಮಾತಾಡಲಿಲ್ಲ. ಆ ಚೌಕಟ್ಟು ಇನ್ನೂ ಗೋಡೆಯ ಮೇಲೇ ಇದೆ. ತೆಗೆದರೆ ಹುಡುಗಿಗೆ ಬೇಜಾರಾಗ್ತದೆ ಅಂತ ಬಿಟ್ಟಿದ್ದಾರೆ.

ತಿಳಿದಿರಬೇಕಾದದ್ದು ಇಷ್ಟು. ಮಾನ್ಯತೆಯ ದಾರಿಗಳು ಎರಡು. ಒಂದು ಶಾಲಾ ಕ್ರೀಡೆಯ ದಾರಿ. ಇದರಲ್ಲಿ ಹೆಸರು ಶಾಲೆಯಿಂದ ಹೋಗ್ತದೆ, ಸ್ಪರ್ಧೆಯನ್ನು ಜಿಲ್ಲಾ ಕ್ರೀಡಾ ಅಧಿಕಾರಿಯ ಕಚೇರಿ ನಡೆಸ್ತದೆ. ಇನ್ನೊಂದು ಆಟದ ಸಂಘದ ದಾರಿ: ಜಿಲ್ಲಾ ಸಂಘ, ರಾಜ್ಯ ಸಂಘ, ರಾಷ್ಟ್ರೀಯ ಸಂಘ, ಸಬ್ ಜೂನಿಯರ್, ಜೂನಿಯರ್, ಸೀನಿಯರ್ ಚಾಂಪಿಯನ್‌ಶಿಪ್‌ಗಳು. ಇವೆರಡರ ಹೊರಗೆ ಯಾರಾದರೂ ‘ನ್ಯಾಷನಲ್’, ‘ಇಂಟರ್‌ನ್ಯಾಷನಲ್’ ಅಂದರೆ ದುಡ್ಡು ಕಟ್ಟುವ ಮೊದಲು ಜಿಲ್ಲಾ ಕ್ರೀಡಾ ಕಚೇರಿಗೆ ಹೋಗಿ ಕೇಳಬೇಕು. ಜಿಲ್ಲೆ ಆಡದೆ, ರಾಜ್ಯ ಆಡದೆ, ಟ್ರಯಲ್ ಇಲ್ಲದೆ ನೇರ ರಾಷ್ಟ್ರಮಟ್ಟಕ್ಕೆ ಆಯ್ಕೆ ಅಂದಾಗಲೇ ಅನುಮಾನ ಬರಬೇಕು. ನಮಗೆ ಬರಲಿಲ್ಲ, ಯಾಕಂದರೆ ಮೆಟ್ಟಿಲುಗಳ ಕ್ರಮವೇ ಗೊತ್ತಿರಲಿಲ್ಲ.

ಎಡವುವ ಜಾಗ ಎರಡು: ಜೂನ್ 1ರಂದು ಹುಟ್ಟಿದವರು

ಶಾಲಾ ರಾಷ್ಟ್ರೀಯ ಕ್ರೀಡೆಯಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ. ಅಂದರೆ ಜನವರಿಯಲ್ಲಿ ಹುಟ್ಟಿದವಳೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವಳೂ ಒಂದೇ ಗುಂಪು. ಹದಿಮೂರರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಎತ್ತರದಲ್ಲಿ, ಬಲದಲ್ಲಿ ದೊಡ್ಡ ಅಂತರ. ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರು 1985ರಲ್ಲಿ ಪರಿಶೀಲಿಸಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಕಂಡರು. ಆಯ್ಕೆ ಮಾಡುವವರು ಪ್ರತಿಭೆ ಅಂದುಕೊಂಡದ್ದರಲ್ಲಿ ಒಂದು ಪಾಲು ಬರೀ ತಿಂಗಳುಗಳ ಹಿರಿತನ. ಇದಕ್ಕೆ ಸಾಪೇಕ್ಷ ವಯಸ್ಸಿನ ಪರಿಣಾಮ ಅಂತಾರೆ. ಆಮೇಲೆ ಬೇರೆ ಅನೇಕ ಆಟಗಳಲ್ಲೂ ಇದು ಕಂಡಿದೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು. ಊರಿನ ಶಾಲೆಗಳ ದಾಖಲೆಯಲ್ಲಿ ಜೂನ್ 1ರಂದು ಹುಟ್ಟಿದ ಮಕ್ಕಳು ಎಷ್ಟು ಜನ ಇರ್ತಾರೆ ಅಂತ ಇಲ್ಲಿರುವ ಶಿಕ್ಷಕರಿಗೆಲ್ಲ ಗೊತ್ತು. (ನಗು.) ಹೆಸರು ಹಚ್ಚುವಾಗ ಗುರುಗಳು ಹಾಕಿದ ತಾರೀಖು ಅದು. ಅಂಥ ಮಗುವಿನ ನಿಜವಾದ ವಯಸ್ಸು ಕಾಗದಕ್ಕಿಂತ ಹೆಚ್ಚಿರಬಹುದು, ಕಡಿಮೆಯೂ ಇರಬಹುದು. ಕಡಿಮೆ ಇದ್ದರೆ ಮಗು ತನಗಿಂತ ದೊಡ್ಡವರ ಜೊತೆ ಆಡಿ ‘ಇವಳಿಗೆ ಆಟ ಬರಲ್ಲ’ ಅನ್ನಿಸಿಕೊಳ್ತಾಳೆ. ಹೆಚ್ಚಿದ್ದರೆ, ಪಂಚಾಯಿತಿಯ ಜನನ ದಾಖಲೆ ಒಂದು, ಶಾಲೆಯ ದಾಖಲೆ ಇನ್ನೊಂದು ಇದ್ದಾಗ, ಮೇಲಿನ ಮಟ್ಟದ ಪರಿಶೀಲನೆಯಲ್ಲಿ ಸಿಕ್ಕಿಬೀಳ್ತಾಳೆ. ಯಾರೂ ಮೋಸ ಮಾಡಿರದಿದ್ದರೂ ಹೊರಗೆ ಬೀಳ್ತಾಳೆ. ಆದ್ದರಿಂದ ಪಾಲಕರು ಐದು–ಆರನೆಯ ತರಗತಿಯಲ್ಲೇ ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರನ್ನೂ ಪಕ್ಕದಲ್ಲಿಟ್ಟು ತಾರೀಖು ಮತ್ತು ಹೆಸರಿನ ಕಾಗುಣಿತ ಒಂದೇ ಇದೆಯಾ ನೋಡಬೇಕು. ಕಾಗುಣಿತ ಯಾಕೆ ಅಂದರೆ ಕನ್ನಡದಲ್ಲಿ ಬರೆದ ಹೆಸರು ಮರಾಠಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಅಡ್ಡಹೆಸರು ಮೂರು ಥರ ಆಗಿರ್ತದೆ.

ಎಡವುವ ಜಾಗ ಮೂರು: ಒಬ್ಬಳೇ ಪಿಚರ್

ಹಳ್ಳಿಯ ತಂಡದಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಪಿಚ್ ಮಾಡುವವಳು ಒಬ್ಬಳೇ ಇರ್ತಾಳೆ. ಸ್ಪರ್ಧೆ ಒಂದೆರಡು ದಿನದಲ್ಲಿ ಮುಗಿಯಬೇಕು, ಹಾಗಾಗಿ ದಿನಕ್ಕೆ ಎರಡು ಮೂರು ಪಂದ್ಯ. ಎಲ್ಲದರಲ್ಲೂ ಅವಳೇ. ಕೆಳಗಿನಿಂದ ಎಸೆಯುವುದರಿಂದ ಭುಜಕ್ಕೆ ಏನೂ ಆಗುವುದಿಲ್ಲ ಅನ್ನುವ ನಂಬಿಕೆ ತರಬೇತುದಾರರಲ್ಲೂ ಇದೆ. ಅದು ಸರಿಯಲ್ಲ. ಆ ಪೂರ್ತಿ ಸುತ್ತಿನ ಎಸೆತದಲ್ಲಿ ಭುಜದ ಮುಂಭಾಗದ ಮೇಲೆ ದೊಡ್ಡ ಒತ್ತಡ ಬೀಳ್ತದೆ. ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿಯ ಬೆಳವಣಿಗೆಯ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆ ಸರಳವಾಗಿದೆ. ಒಂದೇ ಆಟಕ್ಕೆ ಪೂರ್ತಿ ಅಂಟಿಕೊಳ್ಳುವುದನ್ನು ಸುಮಾರು 15–16 ವರ್ಷದವರೆಗೆ ಮುಂದೂಡಿ. ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ. ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ದೂರ ಇಡಿ; ಒಟ್ಟಿಗೇ ಬೇಡ, ಒಂದೊಂದು ತಿಂಗಳಂತೆ ಆದೀತು. ಆ ಬಿಡುವಿನಲ್ಲಿ ಬೇರೆ ಆಟ ಆಡಬಹುದು. ನಮ್ಮ ಊರಿನ ಭಾಷೆಯಲ್ಲಿ ಹೇಳೋದಾದರೆ ಹೊಲಕ್ಕೂ ಒಂದು ಹಂಗಾಮು ಬಿಡುವು ಕೊಡ್ತೇವೆ. ಖೋಖೋದ ಓಟ, ಕಬಡ್ಡಿಯ ಕಾಲಿನ ಚುರುಕು ಎರಡೂ ಬೇಸಿನಿಂದ ಬೇಸಿಗೆ ಓಡುವವಳಿಗೆ ಬೇಕಾದವೇ.

ನನ್ನ ತಂಗಿ ಒಂಬತ್ತನೆಯ ತರಗತಿಯಲ್ಲಿ ತಲೆ ಬಾಚಿಕೊಳ್ಳಲು ಕೈ ಎತ್ತಲಾಗದೆ ಅತ್ತಳು. ಆಗಲೂ ತಂಡಕ್ಕೆ ಹೇಳಿರಲಿಲ್ಲ, ಹೆಸರು ತೆಗೆದುಬಿಡ್ತಾರೆ ಅನ್ನುವ ಹೆದರಿಕೆಯಿಂದ. ಆ ವರ್ಷ ಅವಳು ಆಡಲಿಲ್ಲ. ಮರುವರ್ಷ ಮೂರನೆಯ ಬೇಸಿನಲ್ಲಿ ನಿಂತಳು. ಈಗಲೂ ಆಡ್ತಾಳೆ, ಪಿಚ್ ಮಾಡುವುದಿಲ್ಲ. ಹೋದ ಒಂದು ವರ್ಷದ ಸರ್ಟಿಫಿಕೇಟಿನ ಬಗ್ಗೆ ಅಪ್ಪನಿಗೆ ಈಗಲೂ ಬೇಸರ ಇದೆ. ಅವ್ವನಿಗೆ ಇಲ್ಲ.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಪಾಲಕರು ಏನು ಮಾಡಬೇಕು? ಆಟದ ತಂತ್ರ ಕಲಿಯಬೇಕಾಗಿಲ್ಲ. ಶಾಲೆಯಲ್ಲಿ, ತರಬೇತುದಾರರ ಹತ್ತಿರ ಆರು ಪ್ರಶ್ನೆ ಕೇಳಿದರೆ ಸಾಕು:

1. ಈ ಸ್ಪರ್ಧೆ ಯಾರು ನಡೆಸ್ತಾರೆ, ಇದು ಯಾವ ಮೆಟ್ಟಿಲು?
2. ಈ ಆಟ ಈ ವರ್ಷದ ಅಂಕದ ಪಟ್ಟಿಯಲ್ಲಿ ಇದೆಯಾ? ಪ್ರಸ್ತಾವ ಶಾಲೆಯಿಂದ ಯಾವಾಗ ಹೋಗ್ತದೆ?
3. ನನ್ನ ಮಗಳು ಮುಖ್ಯ ತಂಡದಲ್ಲಿದ್ದಾಳಾ, ರಾಖೀವಾ?
4. ದಿನಕ್ಕೆ ಎಷ್ಟು ಪಂದ್ಯ, ಅವಳ ಬದಲಿಗೆ ಪಿಚ್ ಮಾಡುವವರು ಯಾರು?
5. ಹೆಲ್ಮೆಟ್, ಮಾಸ್ಕ್ ತಂಡದ ಹತ್ತಿರ ಇವೆಯಾ?
6. ರಾತ್ರಿ ಹೆಣ್ಣುಮಕ್ಕಳು ಎಲ್ಲಿ ಮಲಗ್ತಾರೆ, ಜೊತೆಗೆ ಯಾವ ಮ್ಯಾಡಮ್ ಬರ್ತಾರೆ?

ಆರನೆಯ ಪ್ರಶ್ನೆಯನ್ನು ಕೇಳುವುದು ತಾಯಂದಿರು, ಅದಕ್ಕೇ ಅದನ್ನು ಹಗುರ ಮಾಡ್ತಾರೆ. “ಇಷ್ಟು ಹೆದರಿದ್ರ ಮಗಳನ್ನ ಮನ್ಯಾಗ ಇಟ್ಕೋರಿ” ಅನ್ನುವ ಉತ್ತರ ಅವ್ವನಿಗೂ ಸಿಕ್ಕಿತ್ತು. ಹೆಣ್ಣುಮಕ್ಕಳಿರುವ ರಾಷ್ಟ್ರೀಯ ತಂಡಗಳ ಜೊತೆ ಮಹಿಳಾ ತರಬೇತುದಾರರು ಇರಲೇಬೇಕು ಅಂತ ಭಾರತೀಯ ಕ್ರೀಡಾ ಪ್ರಾಧಿಕಾರ 2022ರಲ್ಲಿ ಕ್ರೀಡಾ ಸಂಸ್ಥೆಗಳಿಗೆ ಹೇಳಿದೆ. ದೇಶದ ತಂಡಕ್ಕೆ ಬೇಕು ಅನ್ನಿಸಿದ್ದನ್ನು ಹದಿಮೂರು ವರ್ಷದ ಹುಡುಗಿಯ ತಾಯಿ ಕೇಳಿದರೆ ಅದು ಹೆದರಿಕೆ ಆಗುವುದಿಲ್ಲ.

ಚರ್ಚೆ

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: “ಜತ್ತಕ್ಕೆ ಸಾಂಗ್ಲಿಗಿಂತ ವಿಜಯಪುರ ಹತ್ತಿರ. ಮಗುವನ್ನು ಅಲ್ಲಿನ ಶಾಲೆಗೆ ಹಾಕಿದರೆ ಭಾಷೆಯ ತೊಂದರೆ ಇಲ್ಲವಲ್ಲ?” ಭಾಷೆಯ ತೊಂದರೆ ಇಲ್ಲ, ನಿಜ. ಆದರೆ ಶಾಲೆ ಎಲ್ಲಿದೆಯೋ ಆ ರಾಜ್ಯದ ಪರವಾಗಿ ಮಗು ಆಡ್ತದೆ. ಮಹಾರಾಷ್ಟ್ರದ ಬೋರ್ಡಿನ ಅಂಕ ಅಲ್ಲಿ ಸಿಗುವುದಿಲ್ಲ. ಮುಂದೆ ಮಹಾರಾಷ್ಟ್ರದ ನೌಕರಿಯ ಮೀಸಲಾತಿ ಕೇಳುವಾಗ ನಿವಾಸದ ಪ್ರಶ್ನೆ, ಯಾವ ರಾಜ್ಯಕ್ಕೆ ಆಡಿದ್ದು ಅನ್ನುವ ಪ್ರಶ್ನೆ ಎರಡೂ ಬರಬಹುದು. ಸೋದರಮಾವನ ಮನೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ನಿರ್ಧಾರ ಮಾಡಬಾರದು. ಎರಡೂ ಕಡೆಯ ನಿಯಮ ಬರವಣಿಗೆಯಲ್ಲಿ ನೋಡಿ ಮಾಡಬೇಕು.

ಇನ್ನೊಬ್ಬರು ಕೇಳ್ತಿದ್ದಾರೆ: “ಪಾಲಕರು ಮರಾಠಿ ಕಲಿತರೆ ಇದೆಲ್ಲ ಬಗೆಹರಿಯುವುದಿಲ್ಲವೇ?” ನಮ್ಮ ಅಪ್ಪನಿಗೆ ಮರಾಠಿ ಬರ್ತದೆ. ಸೊಲ್ಲಾಪುರದ ಅಡತಿ ಅಂಗಡಿಯಲ್ಲಿ ಮರಾಠಿಯಲ್ಲೇ ದರ ಕುದುರಿಸ್ತಾರೆ. ಬಾರದೇ ಇರುವುದು ಕಚೇರಿಯ ಬರಹದ ಮರಾಠಿ, ಮತ್ತು ಅದು ಎಷ್ಟೋ ಮರಾಠಿ ರೈತರಿಗೂ ಬರುವುದಿಲ್ಲ. ಅವರಿಗೆ ಕೇಳಲು ಪಕ್ಕದ ಮನೆಯವರಿದ್ದಾರೆ, ನಮಗೆ ಇಲ್ಲ. ಅಷ್ಟೇ ವ್ಯತ್ಯಾಸ.

ಹಾಗಾಗಿ ಈ ಸಭೆಗೆ ನನ್ನದೊಂದು ಸಣ್ಣ ಸೂಚನೆ. ಕಬ್ಬು ಕಡಿಯಲು ಹೋಗುವವರು ಊರು ಬಿಡುವ ಮೊದಲು, ಅಂದರೆ ಶಾಲೆ ಶುರುವಾಗುವ ಜೂನ್ ತಿಂಗಳಲ್ಲೇ, ಒಂದು ಪುಟದ ಕನ್ನಡ ಹಾಳೆ ಗಡಿಭಾಗದ ಪ್ರತಿ ಕನ್ನಡ ಶಾಲೆಗೂ ಹೋಗಬೇಕು. ಅದರಲ್ಲಿ ಮೆಟ್ಟಿಲುಗಳ ಕ್ರಮ, ಹತ್ತು ಮರಾಠಿ ಪದಗಳ ಅರ್ಥ, ಈ ಆರು ಪ್ರಶ್ನೆ, ಜಿಲ್ಲಾ ಕ್ರೀಡಾ ಕಚೇರಿ ಎಲ್ಲಿದೆ ಅನ್ನೋದು ಇದ್ದರೆ ಸಾಕು. ಸೊಲ್ಲಾಪುರ, ಸಾಂಗ್ಲಿ ಎರಡಕ್ಕೂ ಸೇರಿ ಒಂದೇ ಹಾಳೆ ಆದೀತು. ಕಾಸರಗೋಡು, ತಾಳವಾಡಿ, ಆದೋನಿ ಕಡೆಯ ಗೆಳೆಯರು ತಮ್ಮ ರಾಜ್ಯದ ನಿಯಮ ಹಾಕಿ ತಮ್ಮದೊಂದು ಮಾಡಿಕೊಳ್ಳಬಹುದು. ನಮ್ಮ ಭಾಗದ ಹಾಳೆಯ ಕರಡನ್ನು ನಾನು ಬರೆದಿದ್ದೇನೆ, ಇವತ್ತು ಸಂಜೆ ಎಲ್ಲರಿಗೂ ಕಳಿಸ್ತೇನೆ. ತಪ್ಪಿದ್ದರೆ ತಿದ್ದಿ ಕೊಡಿ. ಮೊದಲ ಸಾಲು ಮಾತ್ರ ಬದಲಾಯಿಸಬೇಡಿ. ಅದು ಅಪ್ಪ ಹೇಳಿ ಬರೆಸಿದ್ದು: “ಗುಣ ಅಂದ್ರ ಮಾರ್ಕ್ಸ್ ರೀ.”